‘ಒಬ್ಬಾಕೀನ ಹೋಗಿ ಬರ್ಲೇನು?’ – ಮಗಳ ಜಪಾನ್ ಪ್ರವಾಸದ ಕಥೆ

‘ದೇಶ ಸುತ್ತು, ಕೋಶ ಓದು’ ಎಂಬ ಮಾತನ್ನು ನಾವು ಹಿರಿಯರು ನಿಮಗೆ ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಆದರೆ ನಮ್ಮ ಮಕ್ಕಳು ನಿಜವಾಗಿಯೂ ದೇಶ ಸುತ್ತಲು ಹೊರಟು ನಿಂತರೆ, ಅದೂ ಒಬ್ಬರೇ ಹೊರಟರೆ, ಅದೇ ಬಾಯಿಂದ ‘ಸದ್ಯಕ್ಕೆ ಕೋಶವನ್ನೇ ಓದು’ ಎಂಬ ಮಾತು ಬರುತ್ತದೆ! ನಮ್ಮ ಮನೆಯಲ್ಲಿಯೂ ಹೀಗೇ ಆಯಿತು.

2023ರ ದೀಪಾವಳಿಯ ಫರಾಳದ ತಟ್ಟೆಯ ಮುಂದೆ ಕುಳಿತು, ಹನ್ನೊಂದನೆಯ ತರಗತಿಯಲ್ಲಿದ್ದ ನಮ್ಮ ಮಗಳು ಕೇಳಿದಳು: “ಅಪ್ಪಾ, ಬ್ಯಾಸಿಗಿ ಸೂಟಿಯೊಳಗ ನಾ ಒಬ್ಬಾಕೀನ ಜಪಾನಿಗೆ ಹೋಗಿ ಬರ್ಲೇನು?” ಆಗ ಅವಳಿಗೆ 17 ವರ್ಷ ತುಂಬಲು ಇನ್ನೂ ಎರಡು ತಿಂಗಳಿತ್ತು. ನಾನು ಚಕ್ಕುಲಿ ಮುರಿಯುವುದನ್ನು ನಿಲ್ಲಿಸಿ “ಇಲ್ಲ” ಎಂದೆ. ನನ್ನಾಕೆ “ಯಾಕ?” ಎಂದು ಮಗಳನ್ನು ಕೇಳಿದಳು. ನನ್ನ ತಾಯಿಯವರು ಒಳಗಿನಿಂದಲೇ “ಜಪಾನ ಎಲ್ಲಿ ಬರ್ತದವಾ? ಧಾರವಾಡಕ್ಕಿಂತ ದೂರ ಏನು?” ಎಂದು ಕೇಳಿದರು. ಒಂದೇ ಪ್ರಶ್ನೆಗೆ ಮೂರು ತಲೆಮಾರಿನ ಮೂರು ಉತ್ತರಗಳು!

ಯುವ ಮಿತ್ರರೇ, ಆಕೆ ಹೋಗಿ ಬಂದಳು. 2024ರ ಮೇ ತಿಂಗಳಿನಲ್ಲಿ, 11 ರಾತ್ರಿ. ಈ ಲೇಖನ ಅಲ್ಲಿ ನೋಡಿದ ಸ್ಥಳಗಳ ವರ್ಣನೆಯಲ್ಲ. ಅದನ್ನು ಅವಳೇ ಎಂದಾದರೂ ಬರೆಯಲಿ. ಹೋಗುವ ಮೊದಲಿನ ಆರು ತಿಂಗಳು ನಡೆದ ತಯಾರಿಯನ್ನು ಮತ್ತು ಆ ತಯಾರಿ ಕೈ ಹಿಡಿದ ಒಂದು ಸಂಜೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮಲ್ಲಿಯೂ ಯಾರಾದರೂ ಇಂಥದೇ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಅಪ್ಪ-ಅಮ್ಮನ ಮುಖ ನೋಡುತ್ತಿರಬಹುದು. ಅಂಥವರಿಗಾಗಿ ಇದು.

ಜಪಾನೇ ಏಕೆ?

ಪುಣೆಯಲ್ಲಿ ಸಿಂಹಗಡ ರಸ್ತೆಯ ಪು. ಲ. ದೇಶಪಾಂಡೆ ಉದ್ಯಾನವನ್ನು ನೋಡದ ಕನ್ನಡಿಗರು ಕಡಿಮೆ. ಊರಿನಿಂದ ಬೀಗರು ಬಂದರೆ ನಾವು ಕರೆದುಕೊಂಡು ಹೋಗುವ ಜಾಗ ಅದು. ಸುಮಾರು 10 ಎಕರೆಯ ಆ ತೋಟದ ಇನ್ನೊಂದು ಹೆಸರು ಪುಣೆ-ಒಕಾಯಾಮಾ ಮೈತ್ರಿ ಉದ್ಯಾನ. ಜಪಾನಿನ ಒಕಾಯಾಮಾ ಪಟ್ಟಣದ ‘ಕೋರಾಕುಎನ್’ ಎಂಬ ತೋಟದ ಮಾದರಿಯಲ್ಲಿ ಅದನ್ನು ಮಾಡಿದ್ದಾರೆ. ನಮ್ಮ ಮಗಳು ಐದು ವರ್ಷದವಳಿದ್ದಾಗಿನಿಂದ ಆ ಸೇತುವೆಯ ಮೇಲೆ ನಿಂತು ಕೊಳದ ಮೀನು ಎಣಿಸುತ್ತ ಬೆಳೆದವಳು. ಇದು ಯಾವುದರ ನಕಲೋ ಆ ಅಸಲನ್ನು ನೋಡಬೇಕು ಎಂಬುದು ಅವಳ ಆಸೆ. ಒಂಬತ್ತನೆಯ ತರಗತಿಯಿಂದ ಜಪಾನೀ ಭಾಷೆಯ ತರಗತಿಗೂ ಹೋಗುತ್ತಿದ್ದಳು. ಆ ಡಿಸೆಂಬರಿನಲ್ಲಿ ಎನ್5 ಎಂಬ ಮೊದಲ ಮೆಟ್ಟಿಲಿನ ಪರೀಕ್ಷೆಗೆ ಕೂರುವವಳಿದ್ದಳು.

ಅಂದರೆ ಅದು ಸಿನಿಮಾ ನೋಡಿ ಹುಟ್ಟಿದ ಒಂದು ದಿನದ ಹುಚ್ಚಾಗಿರಲಿಲ್ಲ. ಇದು ನನಗೆ ಹೊಳೆಯಲು ಒಂದು ವಾರ ಹಿಡಿಯಿತು. ಎಂಟನೆಯ ದಿನ ನಾನೂ ನನ್ನಾಕೆಯೂ ಸೇರಿ ಒಂದು ಕರಾರು ಮಾಡಿದೆವು: “ಯೋಜನೆ ಪೂರ್ತಿ ನೀನೇ ಮಾಡಬೇಕು. ನಾವು ಪ್ರಶ್ನೆ ಮಾತ್ರ ಕೇಳುತ್ತೇವೆ. ನಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಸಿಕ್ಕ ದಿನ ಟಿಕೀಟು.” ಅವಳು 200 ಪುಟದ ಒಂದು ವಹಿ ತಂದಳು.

ನಮ್ಮ ಬೇಸಿಗೆ ಬೇರೆ, ಅವರ ಬೇಸಿಗೆ ಬೇರೆ

ಮೊದಲ ಪ್ರಶ್ನೆ: ಯಾವಾಗ? ನಮ್ಮ ಸೂಟಿ ಏಪ್ರಿಲ್‌ನಿಂದ ಜೂನ್‌ವರೆಗೆ. ಆದರೆ ಏಪ್ರಿಲ್ 29ರಿಂದ ಮೇ 5ರವರೆಗೆ ಜಪಾನಿನಲ್ಲಿ ಹಬ್ಬಗಳ ಸಾಲು ರಜೆ. ಅದನ್ನು ‘ಗೋಲ್ಡನ್ ವೀಕ್’ ಎನ್ನುತ್ತಾರೆ. ಆ ದೇಶವೇ ಪ್ರವಾಸ ಹೊರಟಿರುತ್ತದೆ, ರೈಲು-ವಸತಿ ಎರಡೂ ದುಬಾರಿ ಮತ್ತು ಭರ್ತಿ. ಜೂನ್ ಮೊದಲ ವಾರದ ಸುಮಾರಿಗೆ ಒಸಾಕಾ-ಕ್ಯೋಟೋ ಕಡೆ ‘ತ್ಸುಯು’ ಎಂಬ ಮಳೆಗಾಲ ಆರಂಭವಾಗಿ ಜುಲೈ ಮಧ್ಯದವರೆಗೂ ಇರುತ್ತದೆ. ಜುಲೈ ಕೊನೆಯಿಂದ ಆಗಸ್ಟ್ ಪೂರ್ತಿ ಅವರ ಶಾಲೆಗಳ ಬೇಸಿಗೆ ರಜೆ. ಆಗ 35 ಡಿಗ್ರಿಯ ಸೆಕೆ, ಮುಂಬಯಿಯಂಥ ಬೆವರು, ಆಗಸ್ಟ್ ಮಧ್ಯದಲ್ಲಿ ಪಿತೃಗಳನ್ನು ನೆನೆಯುವ ‘ಓಬೋನ್’ ಹಬ್ಬದ ನೂಕುನುಗ್ಗಲು, ಆಗಸ್ಟ್-ಸೆಪ್ಟೆಂಬರಿನಲ್ಲಿ ಚಂಡಮಾರುತ.

ಉಳಿದದ್ದು ಮೇ ಎರಡನೆಯ ವಾರದಿಂದ ಮೇ ಕೊನೆಯವರೆಗಿನ ಸಣ್ಣ ಕಿಂಡಿ. ಹದವಾದ ಹವೆ, ಹಬ್ಬದ ಗದ್ದಲ ಮುಗಿದಿರುತ್ತದೆ, ಮಳೆ ಬಂದಿರುವುದಿಲ್ಲ. ನಮ್ಮ ಸೂಟಿಗೂ ಅದು ಹೊಂದುತ್ತದೆ. ಇದನ್ನು ಅವಳೇ ಒಂದು ಕ್ಯಾಲೆಂಡರಿನ ಮೇಲೆ ಮೂರು ಬಣ್ಣದ ಪೆನ್ಸಿಲಿನಿಂದ ಗೀಚಿ ತೋರಿಸಿದಾಗ ನನ್ನ ‘ಇಲ್ಲ’ ಎಂಬುದು ಮೊದಲ ಸಲ ಅಲುಗಾಡಿತು.

ದಾರಿ ಮತ್ತು ದುಡ್ಡು

ಅವಳ ಮೊದಲ ಕರಡಿನಲ್ಲಿ ಟೋಕಿಯೋ, ಫ್ಯೂಜಿ ಪರ್ವತ, ಕ್ಯೋಟೋ, ನಾರಾ, ಹಿರೋಶಿಮಾ, ಮೇಲೆ ಉತ್ತರದ ಸಪ್ಪೋರೋ ಕೂಡ ಇತ್ತು! ನನ್ನಾಕೆ ಒಂದೇ ಪ್ರಶ್ನೆ ಕೇಳಿದಳು: “ಎಷ್ಟು ಸಲ ಚೀಲ ಕಟ್ಟಬೇಕು?” ಏಳು ಸಲ ಎಂದು ಲೆಕ್ಕ ಬಂತು. ಮೊದಲ ಸಲ ಒಬ್ಬರೇ ಹೋಗುವವರು ವಸತಿ ಬದಲಿಸಿದಷ್ಟೂ ದಾರಿ ತಪ್ಪುವ, ಸಾಮಾನು ಮರೆಯುವ ಸಂದರ್ಭ ಹೆಚ್ಚು. ಕೊನೆಗೆ ಟೋಕಿಯೋವನ್ನೇ ಬಿಟ್ಟು ಮೂರು ಊರು ಗಟ್ಟಿಯಾದವು: ಒಕಾಯಾಮಾ 4 ರಾತ್ರಿ, ಕ್ಯೋಟೋ 5, ಒಸಾಕಾ 2. ಕುರಾಶಿಕಿ, ಹಿರೋಶಿಮಾ, ನಾರಾ – ಇವು ಬೆಳಿಗ್ಗೆ ಹೋಗಿ ಸಂಜೆ ಮರಳುವ ಊರುಗಳು.

ರೈಲಿನ ವಿಷಯದಲ್ಲಿ ಹಳೆಯ ಪುಸ್ತಕಗಳನ್ನು ನಂಬಬೇಡಿ. ಇಡೀ ಜಪಾನ್ ಸುತ್ತುವ ಜೆ.ಆರ್. ಪಾಸ್ ಕೊಂಡುಬಿಡಿ ಎಂದು ಎಲ್ಲರೂ ಹೇಳುತ್ತಿದ್ದ ಕಾಲವೊಂದಿತ್ತು. 2023ರ ಅಕ್ಟೋಬರಿನಲ್ಲಿ 7 ದಿನದ ಸಾಮಾನ್ಯ ಪಾಸಿನ ಬೆಲೆ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಟೋಕಿಯೋದಿಂದ ಕ್ಯೋಟೋಗೆ ಬುಲೆಟ್ ರೈಲಿನಲ್ಲಿ ಹೋಗಿ ಬರಲು ಸುಮಾರು 28,000 ಯೆನ್ ಮಾತ್ರ. ಹಾಗಾಗಿ ಲೆಕ್ಕ ಹಾಕದೆ ಪಾಸ್ ಕೊಂಡರೆ ನಷ್ಟ. ನಮ್ಮವಳು ಕನ್ಸಾಯ್-ಹಿರೋಶಿಮಾ ಭಾಗಕ್ಕಷ್ಟೇ ಇರುವ 5 ದಿನದ ಪಾಸ್ ಆರಿಸಿದಳು. ಒಸಾಕಾ ವಿಮಾನ ನಿಲ್ದಾಣದಿಂದ ಒಕಾಯಾಮಾ, ಅಲ್ಲಿಂದ ಹಿರೋಶಿಮಾ, ಮರಳಿ ಕ್ಯೋಟೋ – ದೂರದ ಪ್ರಯಾಣವೆಲ್ಲ ಮೊದಲ ಐದು ದಿನದಲ್ಲಿಯೇ ಮುಗಿಯುವಂತೆ ದಿನಚರಿ ಹೊಂದಿಸಿದಳು. ಊರೊಳಗಿನ ಬಸ್ಸು-ರೈಲಿಗೆ ‘ಇಕೋಕಾ’ ಎಂಬ ಕಾರ್ಡು. ದುಡ್ಡು ತುಂಬಿಸಿ ಗೇಟಿಗೆ ಮುಟ್ಟಿಸಿದರೆ ಸಾಕು.

ಹಾಸ್ಟೆಲಿನಲ್ಲಿ ಹೆಣ್ಣುಮಕ್ಕಳಿಗಷ್ಟೇ ಇರುವ ಕೋಣೆಯ ಒಂದು ಮಂಚಕ್ಕೆ ದಿನಕ್ಕೆ 3,500ರಿಂದ 4,500 ಯೆನ್. ಆಗ 100 ಯೆನ್‌ಗೆ ಸುಮಾರು 54 ರೂಪಾಯಿ. 18 ತುಂಬದವರಿಗೆ ಬಹಳಷ್ಟು ವಸತಿಗಳು ಪೋಷಕರ ಲಿಖಿತ ಒಪ್ಪಿಗೆ ಕೇಳುತ್ತವೆ. ಕೆಲವು ಕಡೆ ಪ್ರವೇಶವೇ ಇಲ್ಲ. ಆದ್ದರಿಂದ ಮುಂಗಡ ಕಾದಿರಿಸುವ ಮೊದಲೇ ‘ವಯಸ್ಸು 17, ಒಬ್ಬಳೇ ಬರುತ್ತಿದ್ದೇನೆ’ ಎಂದು ಬರೆದು ಕೇಳುವುದು ಲೇಸು. ಅವಳು ಬರೆದ ಒಂಬತ್ತು ಪತ್ರಗಳಲ್ಲಿ ನಾಲ್ಕಕ್ಕೆ ‘ಬನ್ನಿ’ ಎಂಬ ಉತ್ತರ ಬಂತು. ನಮಗೆ ಬೇಕಾಗಿದ್ದದ್ದು ಮೂರೇ!

ಕಾಗದಪತ್ರ

ಇದು ನೀರಸವಾದ ಕೆಲಸ, ಆದರೆ ಇಲ್ಲಿ ಅವಸರ ಸಲ್ಲದು. ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ. ಚಿಕ್ಕವರಿದ್ದಾಗ ಮಾಡಿಸಿದ ಪಾಸ್‌ಪೋರ್ಟಿನ ಅವಧಿ ಐದೇ ವರ್ಷ. ಎಷ್ಟೋ ಮನೆಗಳಲ್ಲಿ ಅದು ಕಪಾಟಿನಲ್ಲಿಯೇ ಮುಗಿದುಹೋಗಿರುತ್ತದೆ. ವೀಸಾ ಅರ್ಜಿಗೆ ದಿನದಿನದ ಪ್ರವಾಸದ ವಿವರ, ತಂದೆ-ತಾಯಿಯ ಬ್ಯಾಂಕ್ ಮತ್ತು ಆದಾಯ ತೆರಿಗೆಯ ದಾಖಲೆ, ಜನನ ಪ್ರಮಾಣಪತ್ರ, ಇಬ್ಬರ ಒಪ್ಪಿಗೆ ಪತ್ರ ಇವೆಲ್ಲ ಸಿದ್ಧವಿರಲಿ. ಒಂದೇ ಸಲ ಪ್ರವೇಶದ ವೀಸಾ ಕೊಟ್ಟ ದಿನದಿಂದ ಮೂರು ತಿಂಗಳ ಒಳಗೆ ಬಳಸಬೇಕು. ಆದ್ದರಿಂದ ತೀರಾ ಮುಂಚಿತವಾಗಿಯೂ ಅರ್ಜಿ ಹಾಕಬಾರದು. ನಿಯಮಗಳು ಬದಲಾಗುತ್ತಿರುತ್ತವೆ, ರಾಯಭಾರ ಕಚೇರಿಯ ಪ್ರಕಟಣೆಯನ್ನೇ ನೋಡಿ. ವಿದೇಶಿ ಹಣ ಕೊಳ್ಳುವ ಅರ್ಜಿಗೂ 18 ತುಂಬದವರ ಪರವಾಗಿ ಪೋಷಕರು ಸಹಿ ಮಾಡಬೇಕು. ಜಪಾನಿನಲ್ಲಿ ಇಳಿದ ಮೇಲೆ ಪ್ರವಾಸಿಗರು ಪಾಸ್‌ಪೋರ್ಟನ್ನು ಸದಾ ಮೈಮೇಲೆ ಇಟ್ಟುಕೊಂಡಿರಬೇಕು. ಇದು ಅಲ್ಲಿನ ಕಾನೂನು.

ಔಷಧದ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ನೆಗಡಿ-ಕೆಮ್ಮಿಗೆ ಸಾಮಾನ್ಯವಾಗಿ ತರುವ ಕೆಲವು ಗುಳಿಗೆ ಮತ್ತು ಸಿರಪ್ಪುಗಳಲ್ಲಿ ಸೂಡೋಎಫೆಡ್ರಿನ್, ಕೊಡೀನ್ ಎಂಬ ವಸ್ತುಗಳಿರುತ್ತವೆ. ಇವು ಒಂದು ಪ್ರಮಾಣ ಮೀರಿದರೆ ಜಪಾನಿಗೆ ಒಯ್ಯುವಂತಿಲ್ಲ. ಡಾಕ್ಟರಿಗೆ ತೋರಿಸಿಯೇ ಔಷಧದ ಪೊಟ್ಟಣ ಕಟ್ಟಿ. ಹಾಗೆಯೇ ಹಸಿ ಹಣ್ಣು, ತರಕಾರಿ ಒಯ್ಯುವಂತಿಲ್ಲ. ಮೇ ತಿಂಗಳು, ಆಪೂಸ್ ಸುಗ್ಗಿ. ಅಜ್ಜಿ ಚೀಲದಲ್ಲಿ ಮೆಲ್ಲಗೆ ಇಟ್ಟಿದ್ದ ಆರು ಹಣ್ಣುಗಳನ್ನು ನಾವು ಮನೆಯಲ್ಲೇ ತಿಂದೆವು.

ಊಟದ ಚಿಂತೆ

ನಮ್ಮದು ಶಾಕಾಹಾರದ ಮನೆ. ಜಪಾನಿನಲ್ಲಿ ಮಾಂಸ ಕಣ್ಣಿಗೆ ಕಾಣದಿದ್ದರೂ ಮೀನು ಅಡಗಿರುತ್ತದೆ. ‘ದಶಿ’ ಎಂಬ ಸಾರಿನ ತಿಳಿಯನ್ನು ಸಾಮಾನ್ಯವಾಗಿ ಒಣಗಿಸಿದ ಬೊನಿಟೋ ಮೀನಿನ ಹೆರೆತದಿಂದ ಮಾಡುತ್ತಾರೆ. ನಮ್ಮಲ್ಲಿ ಬೇಳೆಕಟ್ಟು ಇದ್ದ ಹಾಗೆ ಅದು ಅವರ ಅಡುಗೆಯ ಬುನಾದಿ. ತರಕಾರಿ ಟೆಂಪುರಾ ತಿಂದರೂ ಅದನ್ನು ಅದ್ದುವ ಸಾರಿನಲ್ಲಿ ದಶಿ ಇರುತ್ತದೆ. ಇದಕ್ಕೆ ಎರಡು ದಾರಿ: ಒಂದು, ಕ್ಯೋಟೋದಲ್ಲಿ ಬೌದ್ಧ ಮಠಗಳ ಶಾಕಾಹಾರಿ ಊಟ ‘ಶೋಜಿನ್ ರ್ಯೋರಿ’ ಸಿಗುತ್ತದೆ, ರುಚಿ ಅಪೂರ್ವ, ಬೆಲೆಯೂ ಹಾಗೆಯೇ. ಎರಡು, ಬೀದಿ ಬೀದಿಗೂ ಇರುವ ‘ಕೊನ್ಬಿನಿ’ ಅಂಗಡಿಗಳು. ಅಲ್ಲಿ ಬಾಳೆಹಣ್ಣು, ಬ್ರೆಡ್ಡು, ಸೋಯಾ ಹಾಲು, ತೋಫು, ಬಿಳಿ ಅನ್ನ ಎಲ್ಲ ಸಿಗುತ್ತವೆ; ಲಕೋಟೆಯ ಮೇಲಿನ ಬರಹ ಓದಿ ಕೊಳ್ಳಬೇಕು. ಬಿಳಿ ಅನ್ನ ಸಿಕ್ಕಿತೆಂದ ಮೇಲೆ ಉಳಿದದ್ದು ನಮ್ಮ ಕೈಯಲ್ಲಿದೆಯಲ್ಲ! ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅವಲಕ್ಕಿ ಚೂಡಾ ಮತ್ತು ಇಪ್ಪತ್ತು ಖಡಕ್ ರೊಟ್ಟಿ ಅವಳ ಜೊತೆ ಸಮುದ್ರ ದಾಟಿದವು.

ಮನೆಯ ಕನ್ನಡ ಕೆಲಸಕ್ಕೆ ಬಂತು

ಈಗ ನಿಮಗೆ ಸೋಜಿಗವೆನಿಸುವ ಮಾತು. ಜಪಾನೀ ಕಲಿಯಲು ಅವಳಿಗೆ ಇಂಗ್ಲಿಷಿಗಿಂತ ಹೆಚ್ಚು ನೆರವಾದದ್ದು ಕನ್ನಡ. ‘ನಾನು ನಾಳೆ ಕ್ಯೋಟೋಗೆ ಹೋಗುತ್ತೇನೆ’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸಬೇಕಾದರೆ ವಾಕ್ಯವನ್ನೇ ತಲೆಕೆಳಗೆ ಮಾಡಬೇಕು. ಜಪಾನಿಯಲ್ಲಿ? ‘ವತಾಶಿ ವ ಅಶಿತಾ ಕ್ಯೋಟೋ ನಿ ಇಕಿಮಾಸು.’ ಪದಕ್ಕೆ ಪದ ಅದೇ ಸಾಲಿನಲ್ಲಿ ಕೂರುತ್ತದೆ. ನಮ್ಮ ‘ಗೆ’ ಇದ್ದಲ್ಲಿ ಅವರ ‘ನಿ’, ನಮ್ಮ ‘ಇಂದ’ ಇದ್ದಲ್ಲಿ ‘ಕರ’. ‘ಪುಣೆ ಕರ ಕಿಮಾಶಿತಾ’ ಎಂದರೆ ಪುಣೆಯಿಂದ ಬಂದೆ. ಕೊನೆಯಲ್ಲಿ ‘ಕ’ ಸೇರಿಸಿದರೆ ಪ್ರಶ್ನೆ. ನಾವು ‘ಹೋಗುತ್ತೀಯಾ’ ಎಂದು ದೀರ್ಘ ಎಳೆಯುವ ಹಾಗೆ. ‘ನಿಕು ತೊ ಸಕಾನಾ ವ ತಾಬೆಮಾಸೆನ್, ದಶಿ ಮೊ ದಾಮೆ ದೆಸು’ – ಮಾಂಸ, ಮೀನು ತಿನ್ನುವುದಿಲ್ಲ, ದಶಿಯೂ ಆಗದು. ಆ ‘ಮೊ’ ನಮ್ಮ ‘ಊ’ ಮಾಡುವ ಕೆಲಸವನ್ನೇ ಮಾಡುತ್ತದೆ.

ಎರಡೂ ಭಾಷೆಗಳು ಅಕ್ಕ-ತಂಗಿಯರೆಂದು ಇದರಿಂದ ತಿಳಿಯಬೇಡಿ. ಅಂಥ ನೆಂಟಸ್ತನವನ್ನು ಭಾಷಾ ವಿದ್ವಾಂಸರು ಒಪ್ಪಿಲ್ಲ. ಆದರೆ ಅವರ ಅಕ್ಷರಮಾಲೆಯ ಸಾಲಿಗೆ ಮಾತ್ರ ನಮ್ಮ ಋಣವಿದೆ. ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಬೌದ್ಧ ಭಿಕ್ಷುಗಳು ಭಾರತದ ಸಿದ್ಧಂ ಲಿಪಿಯನ್ನು ಅಭ್ಯಾಸ ಮಾಡಿದ್ದರಿಂದ ಆ ಕ್ರಮ ಅಲ್ಲಿಗೆ ಹೋಯಿತು. ಅವಳು ಹೋಗಿ ನೋಡಿದ ನಾರಾದ ಮಹಾಬುದ್ಧನ ಮೂರ್ತಿಗೆ 752ರಲ್ಲಿ ಕಣ್ಣು ಬರೆಯುವ ವಿಧಿಯನ್ನು ನಡೆಸಿದವನೂ ಬೋಧಿಸೇನ ಎಂಬ ಭಾರತೀಯ ಭಿಕ್ಷುವೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಅಥವಾ ತಮಿಳು ಅಥವಾ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ – ಹೀಗೆ ದಿನಕ್ಕೆ ಮೂರು ಸಲ ನಾಲಗೆ ಬದಲಿಸುವ ನೀವು ಪರದೇಶಕ್ಕೆ ಅರ್ಧ ತಯಾರಾಗಿಯೇ ಹುಟ್ಟಿದವರು. ಸಂಘದ ಭಾನುವಾರದ ಕನ್ನಡ ತರಗತಿಗೆ ಚಕ್ಕರ್ ಹೊಡೆಯುವವರು ಇದನ್ನು ಇನ್ನೊಮ್ಮೆ ಓದಿ!

ಭಯದ ಪಟ್ಟಿ

2024ರ ಜನವರಿ 1ರಂದು ನೋಟೋ ಪ್ರದೇಶದಲ್ಲಿ 7.6 ಪ್ರಮಾಣದ ಭೂಕಂಪವಾಯಿತು. ಟಿ.ವಿ.ಯಲ್ಲಿ ಬಿದ್ದ ಮನೆಗಳನ್ನು ನೋಡಿ ನನ್ನ ತಾಯಿಯವರು “ಹುಚ್ಚು ಹಿಡಿದದೇನೋ ನಿನಗ? ಹುಡುಗೀನ ಅಲ್ಲಿಗೆ ಕಳಸ್ತೀಯಾ?” ಎಂದು ನನ್ನನ್ನು ಬೈದರು. ಯೋಜನೆ ಅಲ್ಲಿಗೇ ನಿಂತೀತು ಎಂದುಕೊಂಡೆವು. ಮಗಳು ವಾದ ಮಾಡಲಿಲ್ಲ. ಭೂಪಟ ತಂದು ನೋಟೋ ಎಲ್ಲಿ, ಒಕಾಯಾಮಾ ಎಲ್ಲಿ ಎಂದು ಅಜ್ಜಿಗೆ ತೋರಿಸಿದಳು. ‘ಆದರೂ ಭೂಮಿ ನಡುಗಿದರೆ?’ ಎಂಬುದಕ್ಕೆ ಉತ್ತರ ಬರೆದಳು: ಮೇಜಿನ ಕೆಳಗೆ ತಲೆ ಕಾಯ್ದುಕೊಳ್ಳುವುದು, ಓಡದಿರುವುದು, ಪ್ರತಿ ಹಾಸ್ಟೆಲ್ ಮುಟ್ಟಿದ ಕೂಡಲೇ ಹೊರಗಿನ ದಾರಿ ನೋಡಿಕೊಳ್ಳುವುದು, ಫೋನಿನಲ್ಲಿ ಇಂಗ್ಲಿಷ್ ಎಚ್ಚರಿಕೆ ಕೊಡುವ ‘ಸೇಫ್ಟಿ ಟಿಪ್ಸ್’ ಹಾಕಿಕೊಳ್ಳುವುದು.

ಜಪಾನ್ ಸುರಕ್ಷಿತ ದೇಶ, ನಿಜ. ಆದರೆ ಕಿಕ್ಕಿರಿದ ರೈಲುಗಳಲ್ಲಿ ಹೆಣ್ಣುಮಕ್ಕಳಿಗೆ ಕಿರುಕುಳ ಅಲ್ಲಿಯೂ ಇದೆ. ಅದಕ್ಕಾಗಿಯೇ ದೊಡ್ಡ ನಗರಗಳ ಕೆಲವು ಮಾರ್ಗಗಳಲ್ಲಿ ಮಹಿಳೆಯರ ಡಬ್ಬಿ ಇರುತ್ತದೆ. ಅದನ್ನು ಬಳಸಬೇಕು, ಕೂಗಲು ನಾಚಬಾರದು. ಪೊಲೀಸರಿಗೆ 110, ಆಂಬುಲೆನ್ಸ್ ಮತ್ತು ಬೆಂಕಿಗೆ 119. ರಾತ್ರಿ 11ರ ನಂತರ 18 ತುಂಬದವರು ಒಬ್ಬರೇ ತಿರುಗುವುದನ್ನು ಅಲ್ಲಿನ ಬಹುತೇಕ ಪ್ರಾಂತಗಳ ನಿಯಮವೇ ತಡೆಯುತ್ತದೆ. ನಾವು ಅದನ್ನು 8 ಗಂಟೆಗೆ ಇಳಿಸಿದೆವು!

ಇನ್ನೊಂದು ಉಪಾಯ ಮಾಡಿದೆವು. ಜಪಾನಿಗೆ ಮೊದಲು ಧಾರವಾಡ. ಫೆಬ್ರವರಿಯಲ್ಲಿ ಅವಳು ಪುಣೆಯಿಂದ ಧಾರವಾಡಕ್ಕೆ ಒಬ್ಬಳೇ ರೈಲಿನಲ್ಲಿ ಹೋಗಿ, ಸೋದರತ್ತೆಯ ಹೊಸ ಮನೆಯನ್ನು ಹುಡುಕಿಕೊಂಡು ಹೋಗಬೇಕು. ಫೋನ್ ಚೀಲದ ತಳದಲ್ಲಿ, ವಿಳಾಸ ಕಾಗದದ ಮೇಲೆ. ದಾರಿಯಲ್ಲಿ ಕೇಳುತ್ತ ಹೋಗಬೇಕು. ಎರಡು ಸಲ ತಪ್ಪಿದಳು, ಮೂರನೆಯ ಸಲ ಮುಟ್ಟಿದಳು. ಆಗಿನಿಂದ ಪ್ರತಿ ವಸತಿಯ ವಿಳಾಸವನ್ನು ಜಪಾನೀ ಅಕ್ಷರಗಳಲ್ಲಿಯೇ ವಹಿಯಲ್ಲಿ ಬರೆದಿಟ್ಟುಕೊಂಡಳು.

ಕೊನೆಯದು ನಮ್ಮ ನಡುವಿನ ಒಪ್ಪಂದ. ದಿನಕ್ಕೆ ಒಂದೇ ಕರೆ, ಅಲ್ಲಿನ ರಾತ್ರಿ 9ಕ್ಕೆ; ನಮಗೆ ಮೂರೂವರೆ ಗಂಟೆ ಹಿಂದೆ, ಸಂಜೆ 5.30. ಕರೆ ಬರದಿದ್ದರೆ ನಾವು ಒಂದು ತಾಸು ಕಾಯಬೇಕು. ಆಮೇಲೆ ಹಾಸ್ಟೆಲಿಗೆ ಫೋನ್. ಅಲ್ಲಿಯೂ ಇಲ್ಲದಿದ್ದರೆ ಒಸಾಕಾದ ಭಾರತೀಯ ಕಾನ್ಸುಲೇಟ್. ನಡುವೆ ನಾವು ಪದೇ ಪದೇ ಕರೆ ಮಾಡಬಾರದು. ಇದು ಅವಳು ನಮಗೆ ಹಾಕಿದ ಷರತ್ತು; ಸಹಿ ಕೂಡ ಮಾಡಿಸಿಕೊಂಡಳು.

ಆ ಸಂಜೆ

ಮೊದಲ ದಿನ ಸಿಂಗಪುರದ ಮೇಲಿನಿಂದ ಹೋಗಿ ಬೆಳಿಗ್ಗೆ ಇಳಿದಳು, ಕರೆ ಬಂತು. ಎರಡನೆಯ ದಿನ ಕೋರಾಕುಎನ್ ನೋಡಿ ಬಂದು ಕರೆ ಮಾಡಿದಳು. ಒಕಾಯಾಮಾದ ದೊರೆ ಇಕೇದಾ ತ್ಸುನಾಮಾಸಾ ಮಾಡಿಸಿ, 1700ರಲ್ಲಿ ಮುಗಿದ ತೋಟ ಅದು. 1934ರ ಪ್ರವಾಹ, 1945ರ ಬಾಂಬು ಎರಡನ್ನೂ ಕಂಡು, ಹಳೆಯ ಚಿತ್ರಗಳನ್ನು ನೋಡಿಯೇ ಮತ್ತೆ ಮೊದಲಿನಂತೆ ಕಟ್ಟಿದ್ದು. “ಅಪ್ಪಾ, ನಮ್ಮ ತೋಟದ ಮೂರು ಪಟ್ಟು ಅದ. ಆದರ ಸೇತುವೆ ಮ್ಯಾಲ ನಿಂತಾಗ ಮನಿ ನೆನಪಾತು” ಎಂದಳು.

ಮೂರನೆಯ ದಿನ ಕುರಾಶಿಕಿ. 5.30 ಆಯಿತು, ಕರೆ ಇಲ್ಲ. 5.45. ನಾನು ಎದ್ದು ಓಡಾಡತೊಡಗಿದೆ. ಅವಳ ನಂಬರಿಗೆ ಹಚ್ಚಿದರೆ ಗಂಟೆ ಬಾರಿಸುತ್ತದೆ, ಎತ್ತುವವರಿಲ್ಲ. ಇದು ಇನ್ನೂ ಕೆಟ್ಟದ್ದು. 6 ಗಂಟೆಗೆ ಕಾನ್ಸುಲೇಟಿನ ನಂಬರ್ ತೆಗೆದೆ. ನನ್ನಾಕೆ ಗೋಡೆಗೆ ಅಂಟಿಸಿದ ಒಪ್ಪಂದದ ಕಾಗದ ತೋರಿಸಿ, “ಇನ್ನ ಅರ್ಧ ತಾಸು ಅದ” ಎಂದಳು. ಅವಳ ಕೈಯೂ ನಡುಗುತ್ತಿತ್ತು.

ಆಗ ನನ್ನ ತಾಯಿಯವರು ಹೇಳಿದರು: “ನೀ ಪುಣೆಕ್ಕ ಹೋದ ವರ್ಷ ನಿಮ್ಮಪ್ಪ ಎಂಟು ದಿನ ಅಂಚೆಯವನ ದಾರಿ ನೋಡಿದ. ಊಟಕ್ಕ ಕೂತರೂ ಕಣ್ಣು ಬಾಗಿಲ ಕಡೆ. ನಿನಗ ಹೇಳಲಿಲ್ಲ, ಅಷ್ಟ.”

1988ರಲ್ಲಿ ನಾನು 17ರ ಹುಡುಗ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಚೀಟಿಯ ಮೇಲೆ ಒಬ್ಬರ ವಿಳಾಸ. ಮರಾಠಿ ಬಾರದು. ಮುಟ್ಟಿದ ಮೇಲೆ ಪತ್ರ ಬರೆಯುವುದನ್ನೇ ಮೂರು ದಿನ ಮರೆತೆ. ಆ ಎಂಟು ದಿನಗಳ ವಿಷಯ 36 ವರ್ಷ ನನಗೆ ಗೊತ್ತೇ ಇರಲಿಲ್ಲ. ಈಗ ಒಂದು ತಾಸು ಕಾಯಲು ನನ್ನಿಂದ ಆಗುತ್ತಿಲ್ಲ.

6.20ಕ್ಕೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. “ಅಪ್ಪಾ, ಫೋನ್ ರೈಲಿನಾಗ ಬಿಟ್ಟೆ. ನಾ ಆರಾಮ ಇದ್ದೀನಿ. ಹಾಸ್ಟೆಲಿನವರ ಫೋನಿನಿಂದ ಮಾತಾಡ್ಲಿಕ್ಕತ್ತೀನಿ.” ನಾನು ಬೈಯಲು ಬಾಯಿ ತೆರೆದೆ. ಹೊರಗೆ ಬಂದದ್ದು, “ಊಟ ಆತೇನು?”

ನಡೆದದ್ದು ಇಷ್ಟು: ಒಕಾಯಾಮಾದಲ್ಲಿ ಇಳಿದ ಮೇಲೆ ಫೋನ್ ಇಲ್ಲವೆಂದು ತಿಳಿದಿದೆ. ಅತ್ತಿಲ್ಲ ಎಂದಳು, ಸ್ವಲ್ಪ ಅತ್ತಿರಬಹುದು. ನಿಲ್ದಾಣದ ಕಚೇರಿಗೆ ಹೋಗಿ ‘ಫೋನನ್ನು ರೈಲಿನಲ್ಲಿ ಮರೆತೆ’ ಎಂದು ತಿಳಿದಷ್ಟು ಜಪಾನಿಯಲ್ಲಿ ಹೇಳಿದ್ದಾಳೆ. ಯಾವ ರೈಲು, ಎಷ್ಟು ಗಂಟೆಗೆ, ಎಷ್ಟನೆಯ ಡಬ್ಬಿ ಎಂದು ಕೇಳಿದ್ದಾರೆ. ರೈಲಿನ ಸಮಯ ವಹಿಯಲ್ಲಿತ್ತು. ಕೊನೆಯ ನಿಲ್ದಾಣದಲ್ಲಿ ಫೋನ್ ಸಿಕ್ಕಿದೆ, ನಾಳೆ ಬಂದು ಒಯ್ಯಿರಿ ಎಂಬ ಸುದ್ದಿ ಬರುವಷ್ಟರಲ್ಲಿ ಕತ್ತಲಾಗಿತ್ತು. ಅದುವರೆಗೆ ಫೋನ್ ತೋರಿಸಿದ ದಾರಿಯಲ್ಲೇ ನಡೆದವಳಿಗೆ ಹಾಸ್ಟೆಲಿನ ಓಣಿ ಸಿಗಲಿಲ್ಲ. ಜಪಾನಿನ ಊರುಗಳಲ್ಲಿ ‘ಕೋಬಾನ್’ ಎಂಬ ಚಿಕ್ಕ ಪೊಲೀಸ್ ಚೌಕಿಗಳಿರುತ್ತವೆ; ದಾರಿ ಕೇಳುವವರಿಗೆ ದಾರಿ ತೋರಿಸುವುದೂ ಅವರ ನಿತ್ಯದ ಕೆಲಸ. ಅಲ್ಲಿನವರಿಗೆ ವಹಿಯ ಪುಟ ತೋರಿಸಿದಳು. ಅವರು ಕಾಗದದ ಮೇಲೆ ನಕ್ಷೆ ಬರೆದು, ಮೂಲೆಯವರೆಗೆ ಬಂದು ಕೈ ತೋರಿಸಿ ಹೋದರಂತೆ.

ಮರುದಿನ ಬೆಳಿಗ್ಗೆ ಪಾಸ್‌ಪೋರ್ಟ್ ತೋರಿಸಿ, ಸಹಿ ಮಾಡಿ ಫೋನ್ ಪಡೆದು, ಅಲ್ಲಿಂದಲೇ ಹಿರೋಶಿಮಾಕ್ಕೆ ಹೋದಳು. ಉಳಿದ ದಿನಗಳು ಸುಖವಾಗಿ ಕಳೆದವು.

ಒಂದು ಕಿವಿಮಾತು

ಅವಳು ಮರಳಿ ಬಂದ ಮೇಲೆ ನನಗೆ ತಿಳಿದದ್ದು ಇದು: ಒಬ್ಬರೇ ಹೋಗುವುದೆಂದರೆ ಯಾರ ನೆರವೂ ಬೇಡವೆಂದು ಹೋಗುವುದಲ್ಲ, ಅಪರಿಚಿತರನ್ನು ಸರಿಯಾಗಿ ನೆರವು ಕೇಳಲು ಕಲಿತು ಹೋಗುವುದು. ಫೋನ್ ಕಳೆದುಕೊಂಡದ್ದು ಅವಳ ತಪ್ಪೇ. ಆದರೆ ತಪ್ಪಾದ ಮೇಲೆ ಏನು ಮಾಡಬೇಕೆಂಬುದು ಆರು ತಿಂಗಳಿನಿಂದ ಅವಳ ಕೈಬರಹದಲ್ಲೇ ಇತ್ತು. ನಾವು ಮಾಡಿಕೊಟ್ಟ ಯೋಜನೆಯಾಗಿದ್ದರೆ ಅದು ಫೋನಿನ ಜೊತೆಗೇ ಕಳೆದುಹೋಗುತ್ತಿತ್ತು.

ಒಕಾಯಾಮಾ ನಿಲ್ದಾಣದ ಮುಂದೆ ಒಬ್ಬ ಹುಡುಗನ ಪ್ರತಿಮೆ ಇದೆ. ಅವನು ಮೋಮೋತಾರೋ, ಜಪಾನಿನ ಮಕ್ಕಳ ಕಥೆಯ ನಾಯಕ. ಪೀಚ್ ಹಣ್ಣಿನೊಳಗಿಂದ ಹುಟ್ಟಿ, ಮುದುಕ-ಮುದುಕಿಯರ ಮನೆಯಲ್ಲಿ ಬೆಳೆದವನು. ರಕ್ಕಸರ ದ್ವೀಪಕ್ಕೆ ಒಬ್ಬನೇ ಹೊರಟಾಗ ಅವರು ಅವನನ್ನು ತಡೆಯಲಿಲ್ಲ. ಬುತ್ತಿ ಕಟ್ಟಿ ಕೊಟ್ಟರು. ದಾರಿಯಲ್ಲಿ ನಾಯಿ, ಕೋತಿ, ಕಾಡುಕೋಳಿಗಳಿಗೆ ಆ ಉಂಡೆ ಹಂಚಿದ, ಅವು ಜೊತೆಗಾರರಾದವು. ಆ ಉಂಡೆಗೆ ‘ಕಿಬಿ ದಾಂಗೋ’ ಎಂದು ಹೆಸರು. ಇಂದಿಗೂ ಆ ಊರಿನ ಪ್ರಸಿದ್ಧ ತಿನಿಸು. ‘ಕಿಬಿ’ ಎಂದರೆ ನಮ್ಮ ಬರಗು. ಮಗಳು ಒಂದು ಡಬ್ಬಿ ತಂದಿದ್ದಳು. ಅಜ್ಜಿ ಒಂದು ಉಂಡೆ ಬಾಯಿಗೆ ಹಾಕಿಕೊಂಡು, “ಛಲೋ ಅದ. ಒಂದೀಟು ಏಲಕ್ಕಿ ಕಡಿಮಿ ಆತು” ಎಂದರು.

ಹಾಸ್ಟೆಲಿನ ಗೆಳತಿಯರಿಗೆ ಅವಳು ಹಂಚಿದ ಖಡಕ್ ರೊಟ್ಟಿ-ಚಟ್ನಿಪುಡಿಯ ಕಥೆ ಅವಳ ಬಾಯಿಂದಲೇ ಕೇಳಬೇಕು. ಆ ವಹಿಯನ್ನು ನಮ್ಮ ಸಂಘದ ವಾಚನಾಲಯದಲ್ಲಿ ಇಟ್ಟಿದ್ದಾಳೆ. ಜಪಾನಿಗೇ ಹೋಗಬೇಕೆಂದಿಲ್ಲ, ಎಲ್ಲಿಗಾದರೂ ಒಬ್ಬರೇ ಹೋಗಬೇಕೆಂಬ ಆಸೆಯಿರುವವರು ಬಂದು ನೋಡಿ. ಆಮೇಲೆ ನಿಮ್ಮದೇ ಒಂದು ಹೊಸ ವಹಿ ಕೊಳ್ಳಿ. ನಿಮ್ಮ ಅಪ್ಪ-ಅಮ್ಮ ಮೊದಲು ‘ಇಲ್ಲ’ ಎಂದರೆ ಬೇಸರಿಸಬೇಡಿ. ಪ್ರಶ್ನೆ ಕೇಳಲು ಅವರಿಗೆ ಒಂದು ವಾರ ಸಮಯ ಕೊಡಿ.